ಪಂಪಿನ ಬೇರಿಂಗು ಪದೇ ಪದೇ ಹೋದರೆ ಲೇತನ್ನೂ ಒಮ್ಮೆ ನೋಡಿ

ಒಂದೇ ಬೇಸಿಗೆಯಲ್ಲಿ ಒಂದು ಪಂಪಿನ ಬೇರಿಂಗು ಮೂರು ಸಲ ಹೋಗುವುದುಂಟೆ? ಬಂಗಾರಪೇಟೆಯ ಆಸುಪಾಸಿನ ಹಳ್ಳಿಯೊಂದರಲ್ಲಿ, ನನ್ನ ಭಾವಮೈದುನನ ತೋಟದಲ್ಲಿ ಹೋಯಿತು. ಕೊಳವೆ ಬಾವಿಯಿಂದ ಬರುವ ಅಷ್ಟಿಷ್ಟು ನೀರನ್ನು ಕೃಷಿ ಹೊಂಡದಲ್ಲಿ ಕೂಡಿಟ್ಟುಕೊಂಡು, ಅಲ್ಲಿಂದ ಐದು ಎಚ್.ಪಿ. ಪಂಪಿನಿಂದ ಎತ್ತಿ ಹನಿ ನೀರಾವರಿಗೆ ಬಿಡುವುದು ಕೋಲಾರ ಜಿಲ್ಲೆಯಲ್ಲಿ ಈಗ ಎಲ್ಲೆಲ್ಲೂ ಕಾಣುವ ಪದ್ಧತಿ. ಎರಡು ಎಕರೆ ಟೊಮೆಟೊ ಹೂ ಕಚ್ಚುವ ಹೊತ್ತಿಗೆ ಸರಿಯಾಗಿ ಪಂಪು ಕಿರುಗುಟ್ಟಿ ನಿಂತಿತು. ಹೊಸ ಬೇರಿಂಗು ಹಾಕಿಸಿ ಮೂರು ವಾರವೂ ಆಗಿರಲಿಲ್ಲ. ನಾಲ್ಕು ದಿನ ನೀರಿಲ್ಲದೆ ಸಾಲಿನಲ್ಲಿ ಹೂವು ಉದುರಿಬಿದ್ದವು.

ಬೇರಿಂಗು ಮಾರಿದವನ ಮೇಲೆ ಅನುಮಾನ ಬಂದದ್ದು ಸಹಜ. ನಕಲಿ ಮಾಲು ಪೇಟೆಯಲ್ಲಿ ಇಲ್ಲವೆಂದಲ್ಲ. ಎರಡನೆಯ ಸಲ ಬೇರೆ ಅಂಗಡಿಯಿಂದ, ಮೂರನೆಯ ಸಲ ಬೆಂಗಳೂರಿನಿಂದಲೇ ತರಿಸಿದ್ದಾಯಿತು. ಫಲ ಅಷ್ಟೇ. ಗ್ಲ್ಯಾಂಡಿನಲ್ಲಿ ನೀರು ಸೋರುವುದು, ಕಪ್ಲಿಂಗಿನ ರಬ್ಬರು ಪುಡಿಯಾಗುವುದು, ಬೇರಿಂಗಿನ ಮನೆ ಕೈ ಇಡಲಾಗದಷ್ಟು ಕಾಯುವುದು. ಒಂದು ವಿಷಯ ಮಾತ್ರ ಯಾರಿಗೂ ನೆನಪಾಗಲಿಲ್ಲ. ಈ ಕಾಟವೆಲ್ಲ ಶುರುವಾದದ್ದು ಸಂಕ್ರಾಂತಿಯ ನಂತರ, ಹಳೆಯ ಶಾಫ್ಟು ಸವೆದಿದೆಯೆಂದು ಒಂದು ವರ್ಕ್‌ಶಾಪಿನಲ್ಲಿ ಹೊಸದನ್ನು ಕಡೆಸಿ ಹಾಕಿದ ಮೇಲೆ.

ಆ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಾವಿಬ್ಬರೂ ಮಾರಿಕುಪ್ಪಂ ರೈಲು ಹತ್ತಿದೆವು. ಚಾಂಪಿಯನ್ ರೀಫ್ಸ್‌ನ ಲೈನು ಮನೆಯೊಂದರಲ್ಲಿ, ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ ಹಿರಿಯರೊಬ್ಬರು ಇದ್ದಾರೆ.

ಕೆ.ಜಿ.ಎಫ್. ಎಂದರೆ ಎಲ್ಲರಿಗೂ ಚಿನ್ನದ ನೆನಪು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನದ ಜೊತೆಗೆ ಈ ಊರು ಕೈಕೆಲಸವನ್ನೂ ಬೆಳೆಸಿತು ಎಂಬುದನ್ನು ಹೇಳುವವರು ಕಡಿಮೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಆಳುಗಳನ್ನು ಇಳಿಸುವ, ಅದಿರನ್ನೂ ನೀರನ್ನೂ ಮೇಲೆತ್ತುವ ಯಂತ್ರಗಳಿಗೆ ಬಿಡಿಭಾಗ ಕಡೆಯುವವರ ಕೈ ತಪ್ಪಿದರೆ ಜೀವಕ್ಕೇ ಸಂಚಕಾರ. ಅಂಥ ವರ್ಕ್‌ಶಾಪುಗಳಲ್ಲಿ ಪಳಗಿದವರು ಇವರು. ಗಣಿ ಮುಚ್ಚಿದ ಮೇಲೆ ಎಷ್ಟೋ ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗಿಬರುವಂತಾಯಿತು. ಕೆಲವರು ಊರಲ್ಲೇ ಉಳಿದರು.

ಹಿರಿಯರು ಬೇರಿಂಗು ಕೇಳಲೇ ಇಲ್ಲ. ಶಾಫ್ಟಿನ ಇಂಪೆಲ್ಲರ್ ಕಡೆಯ ಎರಡು ಭಾಗಗಳನ್ನು ಎರಡು ವಿ-ಬ್ಲಾಕುಗಳ ಮೇಲೆ ಕೂರಿಸಿದರು. ಕಪ್ಲಿಂಗ್ ಕಡೆ ಬೇರಿಂಗು ಕೂರುವ ಜಾಗಕ್ಕೆ ಡಯಲ್ ಗೇಜಿನ ಮೊನೆ ತಾಗಿಸಿ, ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಹದಿನಾರು ಗೀಟು ಹೋಗಿ ಹದಿನಾರು ಗೀಟು ಹಿಂದಕ್ಕೆ ಬಂತು. ಗೀಟಿಗೆ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು. ಅಂದರೆ 0.16 ಮಿ.ಮೀ. ಅವರ ಹಳೆಯ ಲೆಕ್ಕದಲ್ಲಿ ಆರು ಥೌ.

“ತಂಬೀ, ಬೇರಿಂಗ್ ಏನು ಪಾಪ ಮಾಡಿತು? ಎರಡು ಬೇರಿಂಗೂ ಎರಡು ಬೇರೆ ಗೆರೆ ಮೇಲೆ ಕೂತಿದೆ. ಇದನ್ನು ಕಡೆದ ಲೇತನ್ನು ನೋಡಬೇಕು,” ಎಂದರು.

ಇಲ್ಲಿ ಒಂದು ಲೆಕ್ಕ ಹೇಳಿಬಿಡಬೇಕು. ಡಯಲ್ ತೋರಿಸುವುದು ಒಟ್ಟು ಏರಿಳಿತ. ನಡು ಗೆರೆ ನಿಜವಾಗಿ ಸರಿದಿರುವುದು ಅದರ ಅರ್ಧ, ಅಂದರೆ 0.08 ಮಿ.ಮೀ. ಒಂದು ತಲೆಗೂದಲಿನ ದಪ್ಪ ಎಂದಿಟ್ಟುಕೊಳ್ಳಿ. ಕೂದಲೆಳೆಯಷ್ಟರಲ್ಲಿ ಏನಾದೀತು ಎಂದು ನಮಗನ್ನಿಸುತ್ತದೆ. ನಿಮಿಷಕ್ಕೆ 2,800ಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟು ಪ್ರತಿ ಸುತ್ತಿಗೂ ಬೇರಿಂಗನ್ನು ಒಮ್ಮೆ ಹಿಂಡುತ್ತದೆ. ದಿನಕ್ಕೆ ಆರು ಗಂಟೆ ಪಂಪು ಓಡಿದರೆ ಅದು ಹತ್ತು ಲಕ್ಷ ಹಿಂಡು.

ವರ್ಕ್‌ಶಾಪಿನಲ್ಲಿ

ಶಾಫ್ಟು ಕಡೆದುಕೊಟ್ಟ ಅಂಗಡಿಯವರನ್ನು ಮೆಚ್ಚಬೇಕು. ಜಗಳಕ್ಕೆ ಬಂದರೆಂದು ಮೊದಲು ಮುಖ ಗಂಟಿಕ್ಕಿದರೂ, ಹಿರಿಯರ ಕೈಯಲ್ಲಿದ್ದ ಡಯಲ್ ಪೆಟ್ಟಿಗೆ ನೋಡಿ “ಬನ್ನಿ ಅಣ್ಣಾ, ನನಗೂ ಅನುಮಾನ ಇತ್ತು” ಎಂದು ಒಳಗೆ ಕರೆದರು. ಲೇತು ಹಳೆಯದು, ತಯಾರಕರ ಫಲಕ ಯಾವತ್ತೋ ಉದುರಿಹೋಗಿದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಂಥವೇ ಹೆಚ್ಚು. ಕೆಲವು ಪಂಜಾಬಿನ ಬಟಾಲಾದಿಂದ ಬಂದವು, ಕೆಲವು ಬೆಂಗಳೂರಿನ ಎಚ್.ಎಂ.ಟಿ.ಯವು, ಕೆಲವು 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯವು. ಹರಿಹರದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದರೂ ಅದರ ಲೇತುಗಳು ಇನ್ನೂ ರೈತರ ಕೆಲಸ ಮಾಡುತ್ತಿವೆ.

ಚಕ್ಕಿಗೆ ಒಂದು ನಯವಾದ ನೇರ ಸರಳು ಕಚ್ಚಿಸಿ ಡಯಲ್ ಹಾಕಿದರೆ ಹದಿನೈದು ಗೀಟು. “ಸ್ಪಿಂಡಲ್ ಹೋಗಿದೆ, ಬೇರಿಂಗ್ ಬದಲಾಯಿಸಬೇಕು, ಎಲ್ಲಿಂದ ತರಲಿ ದುಡ್ಡು?” ಎಂದು ಅಂಗಡಿಯವರು ಕೂತೇಬಿಟ್ಟರು. ಬಹುಪಾಲು ಜನ ಎಡವುವುದು ಇಲ್ಲೇ. ಚಕ್ಕಿನಲ್ಲಿ ಹಿಡಿದ ಸರಳು ಓಲಾಡಿದ ಮಾತ್ರಕ್ಕೆ ಸ್ಪಿಂಡಲ್ ಓಲಾಡುತ್ತಿದೆ ಎಂದಲ್ಲ. ನಡುವೆ ಚಕ್ಕಿದೆ, ಚಕ್ಕಿನ ಹಿಂದೆ ಬ್ಯಾಕ್‌ಪ್ಲೇಟ್ ಇದೆ, ಅವುಗಳ ಸಂದಿನಲ್ಲಿ ಕಬ್ಬಿಣದ ಚೂರಿದೆ. ಮೂರು ದವಡೆಯ ಚಕ್ಕು ಸುಸ್ಥಿತಿಯಲ್ಲಿದ್ದರೂ ಐದರಿಂದ ಹತ್ತು ಗೀಟು ತಪ್ಪುವುದು ಸಾಮಾನ್ಯ. ಮನೆ ಸೋರಿದರೆ ಮೊದಲು ಹೆಂಚು ನೋಡಬೇಕು, ತೊಲೆಯನ್ನಲ್ಲ.

ಹಿರಿಯರು ಚಕ್ಕು ಬಿಚ್ಚಿಸಿದರು. ಸ್ಪಿಂಡಲಿನ ಮೂತಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಉಗುರು ಎಳೆದು ನೋಡಿದರು. ಒಂದು ಕಡೆ ಏಟು ಬಿದ್ದು ಸಣ್ಣ ಮುಳ್ಳು ಎದ್ದಿತ್ತು. ಅದನ್ನು ಎಣ್ಣೆಕಲ್ಲಿನಿಂದ ಸವರಿದರು. ಅರ ಹಾಕಲು ಹೊರಟ ಹುಡುಗನಿಗೆ ಗದರಿಕೆ ಬಿತ್ತು. ಅರ ಎದ್ದದ್ದನ್ನಷ್ಟೇ ತೆಗೆಯುವುದಿಲ್ಲ, ಪಕ್ಕದ್ದನ್ನೂ ತಿನ್ನುತ್ತದೆ. ಆಮೇಲೆ ಚಕ್ಕು ಕೂರುವ ದುಂಡು ಭಾಗದ ಮೇಲೆ ಡಯಲ್ ಇಟ್ಟು, ಮೋಟಾರು ಹಾಕದೆ ಕೈಯಿಂದಲೇ ತಿರುಗಿಸಿದರು. ಎರಡೇ ಗೀಟು. ಮುಳ್ಳು ಅತಿ ಎತ್ತರಕ್ಕೆ ಹೋದ ಜಾಗಕ್ಕೆ ಸೀಮೆಸುಣ್ಣದ ಗುರುತು. ಮತ್ತೆ ನಾಲ್ಕು ಸುತ್ತು. ಪ್ರತಿ ಸಲವೂ ಅದೇ ಗುರುತಿಗೆ ಅದೇ ಎತ್ತರ.

ಹಾಗಾದರೆ ಹದಿನೈದರಲ್ಲಿ ಎರಡು ಮಾತ್ರ ಸ್ಪಿಂಡಲಿನ ಪಾಲು. ಚಕ್ಕನ್ನು ಮಗುಚಿ ನೋಡಿದಾಗ ಬ್ಯಾಕ್‌ಪ್ಲೇಟಿನ ಒಳಮೂಲೆಯಲ್ಲಿ ಎಣ್ಣೆಯ ಜೊತೆ ಗಟ್ಟಿಯಾಗಿ ಕೂತ ಕಬ್ಬಿಣದ ಚೂರು ಸಿಕ್ಕಿತು. ದವಡೆಗಳು ಬಾಯಿಯ ಕಡೆ ಸವೆದು ಕಹಳೆಯಂತೆ ಅಗಲವಾಗಿದ್ದವು. ಅಂಥ ದವಡೆ ಸರಳನ್ನು ಹಿಂದುಗಡೆ ಮಾತ್ರ ಕಚ್ಚುತ್ತದೆ, ಮುಂದೆ ಅದು ಆಡುತ್ತಿರುತ್ತದೆ.

ಮುಳ್ಳು ಹೇಳುವ ಭಾಷೆ

ಗುರುತು ಹಾಕುವ ಕೆಲಸ ಆಟದಂತೆ ಕಂಡರೂ ರೋಗ ಎಲ್ಲಿದೆಯೆಂದು ತಿಳಿಯುವುದು ಅದರಿಂದಲೇ. ಎತ್ತರ ಪ್ರತಿ ಸುತ್ತಿಗೂ ಒಂದೇ ಗುರುತಿಗೆ ಬಂದರೆ ತಪ್ಪು ಸ್ಪಿಂಡಲಿನ ಜೊತೆ ತಿರುಗುತ್ತಿದೆ. ಸ್ಪಿಂಡಲ್ ಬಾಗಿರಬಹುದು, ಮೂತಿ ಏಟು ತಿಂದಿರಬಹುದು, ಬೇರಿಂಗಿನ ಒಳಬಳೆ ಓರೆಯಾಗಿರಬಹುದು. ಎತ್ತರ ಅಲ್ಲೊಮ್ಮೆ ಇಲ್ಲೊಮ್ಮೆ ಅಲೆಯುತ್ತಿದ್ದರೆ, ಎರಡು ಸುತ್ತಿಗಿಂತ ತುಸು ಹೆಚ್ಚಾದಾಗೊಮ್ಮೆ ಮರಳಿದರೆ, ಅನುಮಾನ ಬೇರಿಂಗಿನ ಉರುಳೆಗಳ ಮೇಲೆ. ಉರುಳೆಗಳ ಪಂಜರ ಸ್ಪಿಂಡಲಿನ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಸುತ್ತುವುದೇ ಇದಕ್ಕೆ ಕಾರಣ.

ಸ್ಪಿಂಡಲಿನ ಒಳಗಿನ ಟೇಪರ್ ತೂತಿಗೆ ಟೆಸ್ಟ್ ಬಾರ್ ತೂರಿಸಿಯೂ ನೋಡಬೇಕು. ಮೂತಿಯ ಬಳಿ ಒಂದು ಸಲ, 300 ಮಿ.ಮೀ. ಆಚೆ ಒಂದು ಸಲ. ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಓಲಾಡಿದರೆ ಟೇಪರಿನೊಳಗೆ ಕಸವಿದೆ ಅಥವಾ ಟೇಪರ್ ಓರೆಯಾಗಿದೆ. ಬಾರನ್ನು ಎಳೆದು ಅರ್ಧ ಸುತ್ತು ತಿರುಗಿಸಿ ಮತ್ತೆ ತೂರಿಸಿದಾಗ ಎತ್ತರ ಬಾರಿನ ಜೊತೆ ಸರಿದರೆ ತಪ್ಪು ಬಾರಿನದೇ. ಸರಿಯದಿದ್ದರೆ ಸ್ಪಿಂಡಲಿನದು. ಯಂತ್ರ ಪರೀಕ್ಷೆಯ ಈ ಕ್ರಮಗಳನ್ನೆಲ್ಲ ಜರ್ಮನಿಯ ಪ್ರೊಫೆಸರ್ ಶ್ಲೆಸಿಂಗರ್ 1927ರಲ್ಲೇ ಪುಸ್ತಕವಾಗಿ ಬರೆದಿಟ್ಟರು. ಒಳ್ಳೆಯ ಲೇತಿನ ಮೂತಿ ಒಂದು ಗೀಟಿಗಿಂತ ಹೆಚ್ಚು ಓಲಾಡಬಾರದು, 300 ಮಿ.ಮೀ. ದೂರದಲ್ಲಿ ಎರಡು-ಮೂರು ಗೀಟು ಎಂಬುದು ಸಾಮಾನ್ಯ ಮಿತಿ. ಪಂಪು, ಟ್ರ್ಯಾಕ್ಟರುಗಳ ಬಿಡಿಭಾಗ ಮಾಡುವ ಹಳೆಯ ಯಂತ್ರಕ್ಕೆ ಎರಡು ಗೀಟೆಂದರೆ ಕ್ಷಮಿಸಬಹುದು ಎಂಬುದು ಹಿರಿಯರ ಅಭಿಪ್ರಾಯ. ನನಗೂ ಅದು ಸರಿಯೆನಿಸಿತು.

ಆದರೆ ಅವರು ಅಷ್ಟಕ್ಕೇ ಎದ್ದುಬರಲಿಲ್ಲ. ಡಯಲನ್ನು ಮೂತಿಯ ನೆತ್ತಿಯ ಮೇಲಿಟ್ಟು, ಕೆಳಗೆ ಒಂದು ಮರದ ತುಂಡು ಕೊಟ್ಟು, ಹಾರೆಯಿಂದ ಸ್ಪಿಂಡಲನ್ನು ಮೆಲ್ಲನೆ ಮೇಲಕ್ಕೆ ಮೀಟಿದರು. ಮುಳ್ಳು ಹನ್ನೆರಡು ಗೀಟು ನೆಗೆಯಿತು! ಸುಮ್ಮನೆ ತಿರುಗಿಸಿದಾಗ ಎರಡೇ ತೋರಿಸಿದ ಸ್ಪಿಂಡಲ್ ಮೀಟಿದಾಗ ಹನ್ನೆರಡು ಏಳುತ್ತದೆ. ಕೈಯಿಂದ ತಿರುಗಿಸುವಾಗ ಸ್ಪಿಂಡಲ್ ತನ್ನ ಭಾರಕ್ಕೆ ಬೇರಿಂಗಿನ ತಳದಲ್ಲಿ ಕೂತಿರುತ್ತದೆ, ಸಡಿಲ ಕಾಣುವುದೇ ಇಲ್ಲ. ಉಳಿ ಕಬ್ಬಿಣಕ್ಕೆ ಕಚ್ಚಿದೊಡನೆ ಮೇಲಕ್ಕೆದ್ದು ಕುಣಿಯುತ್ತದೆ. ಕಡೆದ ಮೈ ಮೇಲೆ ಮೀನಿನ ಹುರುಪೆಯಂಥ ಗೆರೆ ಬೀಳುವುದು, ದುಂಡು ತಪ್ಪುವುದು ಇದರಿಂದ. ಇದನ್ನು ಬಿಟ್ಟು ಬರೀ ಚಕ್ಕು ಸರಿಮಾಡಿ ಬಂದಿದ್ದರೆ ಇನ್ನೊಂದು ಶಾಫ್ಟೂ ಕೆಡುತ್ತಿತ್ತು.

ಇದೇ ರೀತಿ ಹಿಂದೆ-ಮುಂದೆ ತಳ್ಳಿ ನೋಡಿದಾಗ ಉದ್ದುದ್ದದ ಆಟ ಒಂದು ಗೀಟಿನಷ್ಟಿತ್ತು. ಅದನ್ನು ಹಾಗೇ ಬಿಟ್ಟರು.

ದುರಸ್ತಿ

ಆ ಲೇತಿನದು ಉರುಳೆಯ ಬೇರಿಂಗಲ್ಲ, ಎರಡು ಹೋಳಿನ ಗನ್‌ಮೆಟಲ್ ಬೇರಿಂಗು. ಮೇಲಿನ ಟೋಪಿಯನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಹೋಳುಗಳ ನಡುವೆ ಎರಡೂ ಕಡೆ ತೆಳುವಾದ ಹಿತ್ತಾಳೆ ತಗಡುಗಳ ಕಂತೆ ಇರುತ್ತದೆ. ಸವೆದಂತೆಲ್ಲ ತಗಡು ತೆಗೆಯುತ್ತ ಬರಲೆಂದೇ ಹಿಂದಿನವರು ಮಾಡಿದ ಏರ್ಪಾಟು ಇದು. ಈ ಅಂಗಡಿಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಎಣ್ಣೆ ಬತ್ತಿಯೂ ಕರಕಲಾಗಿತ್ತು.

ಹಿರಿಯರು ಎರಡೂ ಕಡೆಯಿಂದ ಸಮನಾಗಿ, ತಲಾ 0.08 ಮಿ.ಮೀ. ದಪ್ಪದ ತಗಡು ತೆಗೆದರು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತೆಗೆದರೆ ಟೋಪಿ ಓರೆಯಾಗಿ ಕೂತು ಸ್ಪಿಂಡಲನ್ನು ಕಡಿಯುತ್ತದೆ. ಬಿಗಿಯುವ ಮೊದಲು ಸ್ಪಿಂಡಲಿಗೆ ನೀಲಿ ಬಣ್ಣ ತೆಳ್ಳಗೆ ಸವರಿ ತಿರುಗಿಸಿ, ಬೇರಿಂಗಿನಲ್ಲಿ ನೀಲಿ ಹತ್ತಿದ ಉಬ್ಬುಗಳನ್ನು ಸ್ಕ್ರೇಪರಿನಿಂದ ಕೆರೆದರು. ಮತ್ತೆ ನೀಲಿ, ಮತ್ತೆ ಕೆರೆತ. ಮಧ್ಯಾಹ್ನದ ಊಟದ ಹೊತ್ತು ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಮೀಟಿದಾಗ ನಾಲ್ಕು ಗೀಟು. ಸೊನ್ನೆಗೆ ಏಕೆ ತರಲಿಲ್ಲವೆಂದು ನಾನು ಕೇಳಿದೆ. “ಎಣ್ಣೆಗೆ ಜಾಗ ಬೇಡವಾ ಸಾರ್?” ಎಂದರು. ಇಂಥ ಬೇರಿಂಗಿನಲ್ಲಿ ಒಂದು-ಒಂದೂವರೆ ಥೌ ಸಡಿಲ ಇರಲೇಬೇಕು, ಇಲ್ಲದಿದ್ದರೆ ಕಚ್ಚಿಕೊಳ್ಳುತ್ತದೆ. ಹೊಸ ಬತ್ತಿ, ಹೊಸ ಎಣ್ಣೆ ಹಾಕಿ ಅತಿ ನಿಧಾನದ ವೇಗದಲ್ಲಿ ಕಾಲು ಗಂಟೆ, ಆಮೇಲೆ ಒಂದೊಂದೇ ವೇಗ ಏರಿಸಿ ಓಡಿಸಿದರು. ಟೋಪಿಯ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರು. ಬೆಚ್ಚಗಾಗಬಹುದು, ಕೈ ಎಳೆದುಕೊಳ್ಳುವಷ್ಟು ಸುಡಬಾರದು.

ಉರುಳೆ ಬೇರಿಂಗಿನ ಲೇತುಗಳಿಗೆ ಕ್ರಮ ಬೇರೆ. ಅಲ್ಲಿ ಸ್ಪಿಂಡಲಿನ ಹಿಂತುದಿಯ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದು ಆಟ ತೆಗೆದು, ಲಾಕ್ ಮಾಡಿ, ಶಾಖ ನೋಡಬೇಕು. ಎಷ್ಟೋ ಸಲ ರೋಗ ಇಷ್ಟರಲ್ಲೇ ಹೋಗುತ್ತದೆ. ಬೇರಿಂಗು ಬದಲಿಸಲೇಬೇಕಾದರೆ ಗಾಡಿಗೆ ಹಾಕುವ ಸಾಧಾರಣ ಮಾಲು ಹಾಕಿಸಬೇಡಿ, ಸ್ಪಿಂಡಲಿಗೆಂದೇ ಹೆಚ್ಚು ನಿಖರವಾಗಿ ಮಾಡಿದ ದರ್ಜೆಯವು ಸಿಗುತ್ತವೆ. ಬೆಲೆ ಬಹಳ ಹೆಚ್ಚು, ನಿಜ. ಮುಂದಿನ ಬೇರಿಂಗಿನ ತಪ್ಪು ಮೂತಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಹಿಂದಿನದರ ತಪ್ಪು ಅಷ್ಟು ಕಾಡುವುದಿಲ್ಲ. ದುಡ್ಡು ಸುರಿಯುವುದಾದರೆ ಮುಂದಿನದಕ್ಕೆ ಸುರಿಯಿರಿ. ಹೊಸ ಬೇರಿಂಗಿನ ಒಳಬಳೆಯಲ್ಲಿ ಎತ್ತರದ ಕಡೆ ಗುರುತಿದ್ದರೆ, ಸ್ಪಿಂಡಲಿನ ಎತ್ತರಕ್ಕೆ ಎದುರಾಗಿ ಅದನ್ನು ಕೂರಿಸಿದಾಗ ಒಂದರ ತಪ್ಪನ್ನು ಇನ್ನೊಂದು ನುಂಗುತ್ತದೆ. ಸುತ್ತಿಗೆ ಏಟು, ಗ್ಯಾಸ್ ಬೆಂಕಿ ಎರಡೂ ಕೂಡದು. ಎಣ್ಣೆಯಲ್ಲಿ ನೂರು ಡಿಗ್ರಿ ಮೀರದಂತೆ ಕಾಯಿಸಿ ತೊಡಿಸಬೇಕು.

ಬಾಗಿದ ಸ್ಪಿಂಡಲನ್ನು ಊರಲ್ಲೇ ನೇರ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಅದನ್ನು ಬಿಚ್ಚಿ ಪೀಣ್ಯದ ಗ್ರೈಂಡಿಂಗ್ ಶಾಪಿಗೆ ಒಯ್ಯುವುದೇ ಸರಿ. ಟೇಪರ್ ತೂತನ್ನು ಗ್ರೈಂಡ್ ಮಾಡಿಸುವುದಿದ್ದರೂ ಬೇರಿಂಗಿನ ಕೆಲಸ ಮುಗಿದ ಮೇಲೆಯೇ.

ಚಕ್ಕಿನ ದವಡೆಗಳನ್ನು ಮರುದಿನ ಅದೇ ಲೇತಿನ ಮೇಲೆ, ಟೂಲ್‌ಪೋಸ್ಟಿಗೆ ಸಣ್ಣ ಗ್ರೈಂಡರ್ ಕಟ್ಟಿ ಉಜ್ಜಿದರು. ದವಡೆಗಳ ಹಿಂಭಾಗಕ್ಕೆ ಒಂದು ಉಕ್ಕಿನ ಬಳೆ ಬಿಗಿಯಾಗಿ ಕಚ್ಚಿಸಿ, ಕೆಲಸ ಹಿಡಿದಾಗ ಅವು ಹೇಗೆ ಒತ್ತುತ್ತವೆಯೋ ಹಾಗೆಯೇ ಒತ್ತಿಸಿಟ್ಟು ಉಜ್ಜುವುದು ಇದರ ಮರ್ಮ. ಬರಿದೇ ಬಿಟ್ಟು ಉಜ್ಜಿದರೆ ಶ್ರಮ ವ್ಯರ್ಥ. ಕಲ್ಲಿನ ಪುಡಿ ಬೀಳದಂತೆ ಲೇತಿನ ಹಾಸನ್ನು ಒದ್ದೆ ಬಟ್ಟೆಯಿಂದ ಮುಚ್ಚಿದ್ದರು. ಚಕ್ಕು ಕೂರಿಸಿ ಮತ್ತೆ ಸರಳು ಹಿಡಿದಾಗ ಮೂರು ಗೀಟು.

ಶಾಫ್ಟು ಕಡೆಸುವ ರೈತರಿಗೆ

ಚಕ್ಕು ಎಷ್ಟೇ ಓಲಾಡಲಿ, ಬೇರಿಂಗು ಬಿಗಿಯಾಗಿದ್ದರೆ ಒಂದೇ ಹಿಡಿತದಲ್ಲಿ ಕಡೆದ ಭಾಗಗಳೆಲ್ಲ ಒಂದೇ ನಡುಗೆರೆಯ ಮೇಲಿರುತ್ತವೆ. ತಪ್ಪು ನುಸುಳುವುದು ಶಾಫ್ಟನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹಿಡಿದಾಗ. ಭಾವಮೈದುನನ ಶಾಫ್ಟಿಗೆ ಆದದ್ದೂ ಅದೇ. ಅದನ್ನು ಸ್ಪಿಂಡಲಿನ ತೂತಿನೊಳಗೆ ತೂರಿಸಿ, ಒಂದು ಗೇಣು ಹೊರಗಿಟ್ಟು ಒಂದು ತುದಿ ಕಡೆದಿದ್ದರು. ಮಗುಚಿ ಹಿಡಿದು ಇನ್ನೊಂದು ತುದಿ ಕಡೆದಿದ್ದರು. ಅದರ ಬದಲು ಎರಡು ತುದಿಗೂ ಸೆಂಟರ್ ತೂತು ಹಾಕಿ, ಎರಡು ಸೆಂಟರುಗಳ ನಡುವೆ ಇಟ್ಟು ಕಡೆದುಕೊಡಿ ಎಂದು ಕೇಳಿ. ಮಿಸ್ತ್ರಿಗೆ ಅರ್ಧ ಗಂಟೆ ಹೆಚ್ಚು ಹಿಡಿಯಬಹುದು, ಆ ಕೂಲಿ ಕೊಡಿ. ಸ್ಪಿಂಡಲಿನ ಕಡೆಯ ಸೆಂಟರ್ ಓಲಾಡುತ್ತಿದ್ದರೆ ಮೆತುವಾದ ಉಕ್ಕಿನ ಸೆಂಟರ್ ಹಾಕಿ, ಅದನ್ನು ಕೂತಲ್ಲೇ ಅರವತ್ತು ಡಿಗ್ರಿಗೆ ಕಡೆದುಕೊಂಡರೆ ಸಾಕು, ಆ ಒಂದು ಕೆಲಸದ ಮಟ್ಟಿಗೆ ಹಳೆಯ ಲೇತೂ ಹೊಸದರಂತೆ ನಡೆಯುತ್ತದೆ. ತುದಿಯ ಸೆಂಟರ್ ತೂತುಗಳನ್ನು ಕತ್ತರಿಸಿ ಹಾಕಲು ಬಿಡಬೇಡಿ, ಮುಂದಿನ ದುರಸ್ತಿಗೆ ಅವೇ ಆಧಾರ.

ಬೇರಿಂಗು ಸಡಿಲವೆಂದು ಶಾಫ್ಟಿನ ಮೈಗೆ ಪಂಚಿನಿಂದ ಚುಕ್ಕಿ ಹೊಡೆದು ಕೂರಿಸುವ ಕೆಟ್ಟ ರೂಢಿ ನಮ್ಮಲ್ಲಿದೆ. ಆ ಚುಕ್ಕಿಗಳ ತುದಿ ಒಂದು ವಾರದಲ್ಲಿ ಸವೆದು, ಬೇರಿಂಗು ಮತ್ತೆ ಜಾರುತ್ತದೆ. ಶಾಫ್ಟು ಕೈಗೆ ಬಂದ ಮೇಲೆ ಹಣ ಕೊಡುವ ಮೊದಲು ಡಯಲ್ ಹಾಕಿ ತೋರಿಸಿ ಎನ್ನಿ. ಕೇಳಲು ಸಂಕೋಚ ಬೇಡ, ಒಳ್ಳೆಯ ಮಿಸ್ತ್ರಿಗೆ ಅದರಿಂದ ಸಂತೋಷವೇ ಆಗುತ್ತದೆ.

ಹೊಸ ಶಾಫ್ಟನ್ನು ಆ ಅಂಗಡಿಯವರೇ, ಅದೇ ಲೇತಿನಲ್ಲಿ, ಸೆಂಟರುಗಳ ನಡುವೆ ಕಡೆದುಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ, ಕಬ್ಬಿಣದ ಬೆಲೆ ಮಾತ್ರ. ವಿ-ಬ್ಲಾಕಿನ ಮೇಲೆ ಅದು ಒಂದು ಗೀಟಿಗಿಂತ ತುಸು ಹೆಚ್ಚು ತೋರಿಸಿತು. ಮೂತಿಯ ಆ ಎರಡು ಗೀಟನ್ನು ಹಿರಿಯರು ಕೊನೆಗೂ ಮುಟ್ಟಲಿಲ್ಲ. ಸೀಮೆಸುಣ್ಣದ ಗುರುತಿದ್ದ ಕಡೆ ಒಂದು ಸಣ್ಣ ಚುಕ್ಕಿ ಮಾತ್ರ ಕೆತ್ತಿಟ್ಟರು, ಮುಂದೆ ಬೇರಿಂಗು ಕೂರಿಸುವವನಿಗೆ ಗೊತ್ತಾಗಲೆಂದು. ಮೊದಲ ಸಾಲಿನ ಟೊಮೆಟೊ ಹೋದದ್ದು ಹೋಯಿತು. ಎರಡನೆಯ ಹೂವಿಗೆ ನೀರು ನಿಲ್ಲಲಿಲ್ಲ.